‘ಪುಟ್ ಅಪ್ ವಿತ್’: ಪಟ್ಟಿ ಸಾಲದು, ವಾಕ್ಯ ಕೊಡಿ

ಸಂಪಾದಕರಿಗೆ,

ನಿಮ್ಮ ಪತ್ರಿಕೆಯ ಸ್ಪರ್ಧಾತ್ಮಕ ಪರೀಕ್ಷೆಗಳ ಪುಟದಲ್ಲಿ ಬರುವ ಇಂಗ್ಲಿಷ್ ಪಾಠವನ್ನು ತಪ್ಪದೆ ಓದುತ್ತೇನೆ. ಕಳೆದ ವಾರದ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ‘ಅಪ್’, ‘ಆಫ್’ನಂಥ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಪದಗುಚ್ಛ) ಪಟ್ಟಿಯಲ್ಲಿ ‘ಪುಟ್ ಅಪ್ ವಿತ್’ ಎಂದರೆ ‘ಸಹಿಸಿಕೊಳ್ಳು’ ಎಂದು ಕೊಟ್ಟು ಮುಂದಿನ ಸಾಲಿಗೆ ಹೋಗಿದ್ದೀರಿ. ಅರ್ಥವೇನೋ ಸರಿಯೇ. ಆದರೆ ಪ್ರಥಮ ದರ್ಜೆ ಸಹಾಯಕ ಹುದ್ದೆಗೆ ಓದುತ್ತಿರುವವರು ಇಷ್ಟನ್ನೇ ನೆಚ್ಚಿಕೊಂಡು ಕಚೇರಿಗೆ ಬಂದರೆ ಹಳೆಯ ಕಡತವೊಂದನ್ನು ಬಿಚ್ಚಿದ ಕೂಡಲೇ ತಬ್ಬಿಬ್ಬಾಗುತ್ತಾರೆ.

ನಾನು ಅದೇ ಹುದ್ದೆಯಿಂದ ನಿವೃತ್ತನಾದವನು. ನಾನು ಕೆಲಸಕ್ಕೆ ಸೇರಿದಾಗ, ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯಾಗಿಸಿದ ರಾಜಭಾಷಾ ಅಧಿನಿಯಮ ಬಂದು (ಅದು 1963ರದ್ದು) ಎಷ್ಟೋ ವರ್ಷಗಳಾಗಿದ್ದವು. ಆದರೂ ಸಾಹೇಬರು ಟಿಪ್ಪಣಿ ಹಾಳೆಯ ಅಂಚಿನಲ್ಲಿ ‘ಪುಟ್ ಅಪ್ ವಿತ್ ಪ್ರೀವಿಯಸ್ ಪೇಪರ್ಸ್’ ಎಂದೇ ಗೀಚುತ್ತಿದ್ದರು. ಹಿಂದಿನ ಕಾಗದಪತ್ರಗಳೊಂದಿಗೆ ಕಡತ ಮಂಡಿಸಿ ಎಂದರ್ಥ. ಇಲ್ಲಿ ‘ಪುಟ್ ಅಪ್’ ಅಷ್ಟೇ ಕ್ರಿಯಾಪದ. ‘ವಿತ್’ ಎಂಬುದು ಪೇಪರ್ಸ್ ಜೊತೆಗಿನದು. ನಮ್ಮ ಕಚೇರಿಗಳ ರೂಢಿ ತಿಳಿಯದ ಲಂಡನ್ನಿನವರು ಓದಿದರೆ, ಹಳೆಯ ಕಾಗದಗಳನ್ನು ಸಹಿಸಿಕೊಳ್ಳಿ ಎಂಬ ಆಜ್ಞೆಯೆಂದೇ ತಿಳಿದಾರು. ರೆಕಾರ್ಡ್ ರೂಮಿನ ದೂಳಿನಲ್ಲಿ ಸೀನುತ್ತಾ ಕಟ್ಟು ಬಿಚ್ಚುತ್ತಿದ್ದ ನಮಗೆ ಎರಡರ್ಥವೂ ಒಪ್ಪುವಂತಿತ್ತು, ಆ ಮಾತು ಬೇರೆ.

ಪಟ್ಟಿ ಹೇಳದ ಇನ್ನೊಂದು ಸಂಗತಿ ಪದಗಳ ಜಾಗ. ‘ಪುಟ್ ಆಫ್’ ಎಂದರೆ ಮುಂದೂಡು. ‘ಪುಟ್ ಆಫ್ ದ ಮೀಟಿಂಗ್’ ಎನ್ನಬಹುದು, ‘ಪುಟ್ ದ ಮೀಟಿಂಗ್ ಆಫ್’ ಎಂದರೂ ನಡೆಯುತ್ತದೆ. ಮೀಟಿಂಗ್ ಹೋಗಿ ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಎಂದು ಬರೆದರೆ ಅಂಕ ಹೋಯಿತು. ‘ಪುಟ್ ಅಪ್ ವಿತ್’ನ ಕಥೆ ತಿರುಗಾಮುರುಗಾ. ಅದು ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಪುಟ್ ಅಪ್ ವಿತ್ ಇಟ್’ ಎಂದೇ ಆಗಬೇಕು. ಎದುರುಮನೆಯ ಹುಡುಗಿ ಗೈಡನ್ನು ಪುಟಗಟ್ಟಲೆ ಬಾಯಿಪಾಠ ಮಾಡಿದ್ದಾಳೆ. ಇದನ್ನು ಕೇಳಿದರೆ, “ಅದು ಗೈಡಿನಲ್ಲಿ ಇಲ್ಲವಲ್ಲ ಅಂಕಲ್” ಎನ್ನುತ್ತಾಳೆ.

ಅವಳ ತಪ್ಪೇನಿದೆ? 1755ರಷ್ಟು ಹಿಂದೆಯೇ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಹೆಸರಾಂತ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ, ಪರಭಾಷಿಕರಿಗೆ ಇಂಥ ಕ್ರಿಯಾಪದಗಳಷ್ಟು ತೊಡಕಿನದು ಇನ್ನೊಂದಿಲ್ಲ ಎಂದು ಒಪ್ಪಿಕೊಂಡಿದ್ದರು. ನಮ್ಮ ‘ಹೇಳಿಕೊಡು’, ‘ಹೇಳಿಕೊಳ್ಳು’, ‘ಹೇಳಿಬಿಡು’ಗಳನ್ನು ಹೊರಗಿನವರ ಕೈಗೆ ಬರಿಯ ಪಟ್ಟಿಯಾಗಿ ಕೊಟ್ಟು ನೋಡಿ, ಅವರೂ ಹೀಗೆಯೇ ಕಣ್ಣುಕಣ್ಣು ಬಿಡುತ್ತಾರೆ. ನಾವು ಇವನ್ನು ಕಲಿತದ್ದು ಮಾತಿನ ನಡುವೆ, ಯಾರು ಯಾರಿಗೆ ಏಕೆ ಹೇಳಿದರು ಎಂಬುದರ ಸಮೇತ.

ಆದ್ದರಿಂದ ವಾರಕ್ಕೆ ಇಪ್ಪತ್ತು ಕೊಡುವ ಬದಲು ಎರಡು ಮೂರೇ ಕೊಡಿ. ಒಂದೊಂದಕ್ಕೂ ನಾಲ್ಕಾರು ವಾಕ್ಯಗಳಿರಲಿ, ಒಂದಾದರೂ ಕಚೇರಿಯ ಪತ್ರದ್ದಾಗಿರಲಿ, ‘ಇಟ್’ ಎಲ್ಲಿ ಕೂರುತ್ತದೆ ಎಂಬುದನ್ನು ದಪ್ಪಕ್ಷರದಲ್ಲಿ ತೋರಿಸಿ. ಜಾಗ ಸಾಲದೆಂದು ಪಕ್ಕದ ಪದಬಂಧಕ್ಕೆ ಮಾತ್ರ ಕತ್ತರಿ ಹಾಕಬೇಡಿ. ಅದು ನನ್ನಂಥ ನಿವೃತ್ತರ ಪಾಲಿನದು.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ತಿಪಟೂರು