ಏರ್ ಫಿಲ್ಟರ್ ವಿಷಯದಲ್ಲಿ ಮ್ಯಾನುವಲ್ ಲೆಕ್ಕ ಒಂದನ್ನೇ ನಂಬಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಹೊಸ ಕಾರು, ಅದರ ರೇಟು, ಮೈಲೇಜು ಎಲ್ಲ ಚೆನ್ನಾಗಿ ಬರ್ತದೆ, ಆದ್ರೆ ತಗೊಂಡ ಕಾರನ್ನ ಹತ್ತು ವರ್ಷ ಹೆಂಗೆ ಉಳಿಸ್ಕೊಬೇಕು ಅನ್ನೋದು ಕಮ್ಮಿ. ನಾನು ಬರೀತಿರೋದು ಇಂಜಿನ್ ಏರ್ ಫಿಲ್ಟರ್ ಬಗ್ಗೆ, ಅಂದ್ರೆ ಇಂಜಿನ್ ಒಳಗೆ ಹೋಗೋ ಗಾಳಿಯಲ್ಲಿರೋ ಧೂಳನ್ನ ಸೋಸೋ ಪಾರ್ಟು. ನಮ್ಮ ಕಾರಿಂದು 300 ರೂಪಾಯಿ ಆಸುಪಾಸು, ಮಡಿಕೆ ಮಡಿಕೆ ಕಾಗದ, ಸುತ್ತ ರಬ್ಬರ್ ಅಂಚು, ಅಷ್ಟೇ. ಅದನ್ನ ಸರಿಯಾಗಿ ನೋಡ್ಕೊಳ್ದೆ ಹೋಗಿದ್ದಕ್ಕೆ ನಾವು ಇಂಜಿನ್ ಬಿಚ್ಚಿಸಿ ರಿಂಗ್ ಹಾಕಿಸಬೇಕಾಯ್ತು, 28,000 ರೂಪಾಯಿ ಹೋಯ್ತು.

ನಾನಿರೋದು ಹೊಸಪೇಟೆ, ಕೆಲಸ ಸಂಡೂರಲ್ಲಿ. ದಿನಾ ಹೋಗಿ ಬರೋ ದಾರೀಲಿ ಮುಂದೆ ಒಂದು ಅದಿರು ಲಾರಿ ಸಿಕ್ರೆ ಸಾಕು, ಗಾಜಿನ ಮೇಲೆ ಕೆಂಪು ಪುಡಿ ಕೂತಿರ್ತದೆ, ಅದೇ ದಾರೀಲಿ ಬಸ್ಸಿಗೆ ನಿಂತಿರೋ ಮಕ್ಕಳ ಬಿಳಿ ಯೂನಿಫಾರ್ಮ್ ನೋಡಿದ್ರೆ ಹೊಟ್ಟೆ ಉರೀತದೆ. ನಮ್ಮ ಕಾರಿನ ಮ್ಯಾನುವಲ್ಲಲ್ಲಿ ಫಿಲ್ಟರ್ 40,000 ಕಿ.ಮೀ.ಗೆ ಬದಲಿಸಿ ಅಂತಿದೆ. ಅದರ ಕೆಳಗೇ ಧೂಳಿನ ರಸ್ತೇಲಿ ಓಡಿಸೋರು ಇನ್ನೂ ಬೇಗ ಅಂತಾನೂ ಇದೆ, ಆ ಸಾಲು ಓದೋರು ಎಷ್ಟು ಜನ ಹೇಳಿ? ಮೈಸೂರಲ್ಲಿರೋ ನಮ್ಮ ತಮ್ಮನದೂ ಇದೇ ಕಾರು, ಅವನ ಫಿಲ್ಟರ್ 20,000 ಆದ್ರೂ ಸ್ವಲ್ಪ ಬೂದಿ ಬಣ್ಣ ಅಷ್ಟೇ, ನಮ್ಮದು 8,000ಕ್ಕೇ ಇಟ್ಟಿಗೆ ಥರ ಕೆಂಪಗಾಗಿ ಮಡಿಕೆ ಮಧ್ಯೆ ಧೂಳು ಗಟ್ಟಿ ಕೂತಿತ್ತು.

ಇಂಜಿನ್ ಎಷ್ಟು ಗಾಳಿ ಕುಡೀತದೆ ಅಂತ ನೋಡಿ. 1 ಕೆಜಿ ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕೆಜಿ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ, 40 ಲೀಟರ್ ಟ್ಯಾಂಕ್ ಖಾಲಿ ಆಗೋ ಹೊತ್ತಿಗೆ 3 ಲಕ್ಷ 60 ಸಾವಿರ ಲೀಟರ್ ಗಾಳಿ ಆ ಒಂದು ಕಾಗದ ದಾಟಿ ಹೋಗಿರ್ತದೆ. ಧೂಳಲ್ಲಿರೋ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಅದು ಒಳಗೆ ಹೋದ್ರೆ ಸಿಲಿಂಡರ್ ಗೋಡೆ, ಆಯಿಲ್ ಮೇಲೆ ಹೋಗದಂಗೆ ತಡೆಯೋ ಪಿಸ್ಟನ್ ರಿಂಗ್ ಎರಡನ್ನೂ ಉಪ್ಪುಕಾಗದದ ಥರ ಉಜ್ತದೆ, ಆಮೇಲೆ ಆಯಿಲ್ ಉರಿದು ಕಮ್ಮಿ ಆಗೋಕೆ ಶುರು, ಸೈಲೆನ್ಸರಲ್ಲಿ ನೀಲಿ ಹೊಗೆ.

ಫಿಲ್ಟರ್ ಕಟ್ಕೊಂಡ್ರೆ ಮೈಲೇಜ್ ಬೀಳ್ತದೆ ಅಂತ ಎಲ್ರೂ ಹೇಳ್ತಾರೆ. ಗಾಳಿಗೆ ಪೆಟ್ರೋಲ್ ಬೆರೆಸೋಕೆ ಕಾರ್ಬುರೇಟರ್ ಇದ್ದ ಹಳೇ ಗಾಡಿಗಳಿಗೆ ಅದು ನಿಜ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರಲ್ಲಿ ಪೆಟ್ರೋಲ್ ಎಷ್ಟು ಚಿಮ್ಮಿಸಬೇಕು ಅಂತ ಗಾಡಿಯ ಕಂಪ್ಯೂಟರೇ ನೋಡ್ಕೊಳ್ತದೆ, ಗಾಳಿ ಕಮ್ಮಿ ಆದ್ರೆ ಅದು ಪೆಟ್ರೋಲನ್ನೂ ಕಮ್ಮಿ ಮಾಡ್ತದೆ, ಹಂಗಾಗಿ ಮೈಲೇಜಲ್ಲಿ ದೊಡ್ಡ ವ್ಯತ್ಯಾಸ ಕಾಣಲ್ಲ, ಪಿಕಪ್ ಮಾತ್ರ ಬೀಳ್ತದೆ, ಘಾಟಿ ಏರುವಾಗ ಗೊತ್ತಾಗ್ತದೆ. ಡೀಸೆಲ್ ಗಾಡಿ ಆದ್ರೆ ಕಪ್ಪು ಹೊಗೆನೂ ಬರಬಹುದು. ಮೈಲೇಜ್ ಚೆನ್ನಾಗಿದೆಯಲ್ಲ, ಫಿಲ್ಟರೂ ಚೆನ್ನಾಗಿರ್ತದೆ ಅಂತ ಸುಮ್ನೆ ಕೂರಬೇಡಿ ಅಂತ ಇದನ್ನ ಹೇಳಿದೆ.

ಇಷ್ಟಾದ್ರೂ ಕೊಳೆ ಆದ ಫಿಲ್ಟರ್‌ಗಿಂತ ಹರಿದ ಫಿಲ್ಟರ್ ದೊಡ್ಡ ಅಪಾಯ, ನಮ್ಮ ಕಾರು ಹಾಳಾಗಿದ್ದು ಹಂಗೇನೇ. ಒಂದು ಗ್ಯಾರೇಜಲ್ಲಿ ಕ್ಲೀನ್ ಮಾಡಿ ಕೊಡ್ತೀವಿ ಅಂತ ಟೈರಿಗೆ ಗಾಳಿ ಹಿಡಿಯೋ ಕಂಪ್ರೆಸರ್ ಪೈಪನ್ನೇ ಕಾಗದಕ್ಕೆ ಒತ್ತಿ ಹಿಡಿದು ಫುಲ್ ಪ್ರೆಶರಲ್ಲಿ ಊದಿದ್ರು, ಅಂಟು ಇರೋ ಜಾಗದಲ್ಲಿ ಕೂದಲೆಳೆಯಷ್ಟು ಸೀಳಿತ್ತು, ಮೇಲಿಂದ ನೋಡಿದ್ರೆ ಫಳಫಳ ಹೊಸದರ ಥರ. ಆರು ತಿಂಗಳು ಆ ಸೀಳಲ್ಲೇ ಧೂಳು ಹೋಗಿದೆ. ಕೊನೆಗೆ ಬಿಚ್ಚಿ ನೋಡಿದಾಗ ಫಿಲ್ಟರ್ ದಾಟಿದ ಮೇಲಿನ ಪೈಪಲ್ಲಿ, ಅಂದ್ರೆ ಒಂದು ಕಣಾನೂ ಇರಬಾರದ ಜಾಗದಲ್ಲಿ, ಕೆಂಪು ಪುಡಿ ಬೆರಳಿಗೆ ಹತ್ತಿತು. ಊದಲೇಬೇಕು ಅಂದ್ರೆ ಕಮ್ಮಿ ಪ್ರೆಶರಲ್ಲಿ, ದೂರದಿಂದ, ಒಳಗಿನ ಕ್ಲೀನ್ ಬದಿಯಿಂದ ಹೊರಗಡೆಗೆ ಊದಬೇಕು. ಕಾಗದದ ಫಿಲ್ಟರನ್ನ ನೀರಲ್ಲಿ ತೊಳೆಯೋ ಹಾಗೇ ಇಲ್ಲ. ನನ್ನ ಕೇಳಿದ್ರೆ ಊದೋದೇ ಬೇಡ, ಹೊಸದೇ ಹಾಕಿ.

ನಾನೀಗ 5,000 ಕಿ.ಮೀ.ಗೆ ಒಂದ್ಸಲ ತೆಗೆದು ನೋಡ್ತೀನಿ, 10,000ಕ್ಕೆ ಬದಲಿಸ್ತೀನಿ, ಇದು ನಮ್ಮ ದಾರಿಯ ಲೆಕ್ಕ, ಡಾಂಬರ್ ರಸ್ತೇಲೇ ಓಡಾಡೋರಿಗೆ ಇಷ್ಟು ಬೇಗ ಬೇಕಿಲ್ಲ. ವಾರ ವಾರ ತೆಗೆದು ನೋಡೋದೂ ತಪ್ಪು, ಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸ್ತದೆ, ತೆಗೆದು ಹಾಕಿ ಮಾಡಿದ್ರೆ ಅಂಚು ಸಡಿಲ ಆಗ್ತದೆ. ನೀರಲ್ಲಿ ಗಾಡಿ ಮುಳುಗಿ ಎದ್ದಿದ್ರೆ, ಇಲಿ ಕಡಿದಿದ್ರೆ ಕಿ.ಮೀ. ನೋಡೋದೇ ಬೇಡ, ತಕ್ಷಣ ಬದಲಿಸಿ. ನಮ್ಮ ಪಕ್ಕದ ಮನೆ ಕಾರು ಎರಡು ತಿಂಗಳು ನಿಂತಿತ್ತು, ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡೇ ಕಟ್ಟಿತ್ತು.

ಬದಲಿಸೋದು ಹತ್ತು ನಿಮಿಷದ ಕೆಲಸ, ಹೆಣ್ಣುಮಕ್ಕಳು ಗಂಡುಮಕ್ಕಳು ಯಾರು ಬೇಕಾದ್ರೂ ಮಾಡಬಹುದು. ಇಂಜಿನ್ ಆಫ್ ಮಾಡಿ ತಣ್ಣಗಾಗೋಕೆ ಬಿಡಿ, ಬಾನೆಟ್ ಎತ್ತಿದ್ರೆ ದಪ್ಪ ಪೈಪ್ ಸೇರಿರೋ ಕಪ್ಪು ಪ್ಲಾಸ್ಟಿಕ್ ಡಬ್ಬಿ ಕಾಣ್ತದೆ, ಕೆಲವಕ್ಕೆ ಕ್ಲಿಪ್ಪು ಕೆಲವಕ್ಕೆ ಸ್ಕ್ರೂ. ಹಳೇದನ್ನ ತೆಗೀವಾಗ ಜಾಡಿಸಬೇಡಿ, ನಿಧಾನಕ್ಕೆ ಎತ್ತಿ, ಡಬ್ಬಿ ತಳದಲ್ಲಿ ಕೂತಿರೋ ಧೂಳನ್ನ ಒದ್ದೆ ಬಟ್ಟೇಲಿ ಒರೆಸಿ, ಇಂಜಿನ್ ಕಡೆ ಹೋಗೋ ಪೈಪಿಗೆ ಒಂದು ಚೂರೂ ಬೀಳಬಾರದು. ಹೊಸದು ಹಳೇದರ ಅಳತೇನೇ ಇದೆಯಾ ಅಂತ ಪಕ್ಕ ಪಕ್ಕ ಇಟ್ಟು ನೋಡಿ. ರಬ್ಬರ್ ಅಂಚು ಸುತ್ತಲೂ ಡಬ್ಬಿಯ ತೋಡಿನಲ್ಲಿ ಸರಿಯಾಗಿ ಕೂರಬೇಕು, ಮುಚ್ಚಳ ಒತ್ತಾಯ ಇಲ್ದೆ ಮುಚ್ಚಬೇಕು, ಒಂದು ಕ್ಲಿಪ್ ಮುರಿದಿದ್ರೂ ದಾರ ಕಟ್ಟಿ ನಡೆಸಬೇಡಿ. ಗ್ಲೋವ್ ಬಾಕ್ಸ್ ಹಿಂದೆ ಇರೋದು ಎಸಿ ಫಿಲ್ಟರ್, ಅದು ಬೇರೆ, ಅದನ್ನ ಬದಲಿಸಿ ಇದನ್ನ ಬದಲಿಸಿದ್ವಿ ಅಂದ್ಕೊಂಡೋರನ್ನ ನೋಡಿದೀನಿ.

ಇನ್ನೊಂದು ಮಾತು. ಹೊಸ ಫಿಲ್ಟರ್ ಅಂಚಿನ ಮೇಲೆ ಮಾರ್ಕರಲ್ಲಿ ತಾರೀಕು, ಕಿ.ಮೀ. ಬರೆದು ಹಾಕಿ. ನಾನು ಹಂಗೆ ಬರೆದಿದ್ದಕ್ಕೇ ಒಂದ್ಸಲ ಗೊತ್ತಾಯ್ತು, ಸರ್ವಿಸ್ ಬಿಲ್ಲಲ್ಲಿ ಏರ್ ಫಿಲ್ಟರ್ ಅಂತ ದುಡ್ಡು ಹಾಕಿದ್ರು, ಮನೆಗೆ ಬಂದು ಡಬ್ಬಿ ತೆಗೆದ್ರೆ ನನ್ನ ಕೈಬರಹದ ಹಳೇ ಫಿಲ್ಟರೇ ಕೂತಿತ್ತು. ವಾಪಸ್ ಹೋಗಿ ಕೇಳಿದಾಗ ಹುಡುಗ ಮರೆತಿದ್ದಾನೆ ಅಂದ್ರು, ಹೊಸದು ಹಾಕಿ ಕೊಟ್ರು. ಬರೆದಿರದೇ ಇದ್ದಿದ್ರೆ ನನಗೆ ಗೊತ್ತಾಗೋದಾದ್ರೂ ಹೆಂಗೆ? ಬದಲಿಸಿದ ಪ್ರತಿ ಪಾರ್ಟೂ, ಎಷ್ಟೇ ಸಣ್ಣದಿರಲಿ, ಕವರಲ್ಲಿ ಹಾಕಿ ಡಿಕ್ಕೀಲಿ ಇಟ್ಟು ಕೊಡಬೇಕು ಅನ್ನೋ ನಿಯಮ ಎಲ್ಲ ವರ್ಕ್‌ಶಾಪಿಗೂ ಬರಬೇಕು. ನಿಮ್ಮ ವರದಿಗಾರರು ನಾಲ್ಕು ಕಡೆ ಹೋಗಿ ಹಳೇ ಪಾರ್ಟ್ ಕೊಡ್ತಾರಾ ಇಲ್ವಾ ಅಂತ ವಿಚಾರಿಸಿ ಬರೆದ್ರೆ ನಮ್ಮಂಥ ಓದುಗರಿಗೆ ತುಂಬಾ ಉಪಕಾರ ಆಗ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗ
ಹೊಸಪೇಟೆ