ಕ್ರೀಡಾ ತಂಡದ ಹೆಣ್ಣುಮಕ್ಕಳ ರಕ್ತಪರೀಕ್ಷೆ: ಪೋಷಕರ ಗಮನಕ್ಕೆ

ಉಡುಪಿ

ಮಾನ್ಯ ಪೋಷಕರೇ,

ಅಥ್ಲೆಟಿಕ್ಸ್, ಕಬಡ್ಡಿ ಮತ್ತು ಥ್ರೋಬಾಲ್ ತಂಡಗಳಲ್ಲಿರುವ ನಮ್ಮ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ತಾಲೂಕು ಕ್ರೀಡಾಕೂಟದ ತಯಾರಿಗೆ ಮುನ್ನ ಕಬ್ಬಿಣದ ಕೊರತೆ ಇದೆಯೇ ಎಂದು ತಿಳಿಯುವ ರಕ್ತಪರೀಕ್ಷೆ ಮಾಡಿಸಲು ನಿರ್ಧರಿಸಿದ್ದೇವೆ. ಒಪ್ಪಿಗೆ ಪತ್ರ ಇದರ ಜೊತೆಗಿದೆ.

"ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡಿಯಾಗಿದೆಯಲ್ಲ, ಮತ್ತೇಕೆ?" ಎಂದು ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ಕಬ್ಬಿಣ ಕಡಿಮೆಯಾಗುತ್ತಾ ಬಂದಾಗ ಹಿಮೋಗ್ಲೋಬಿನ್ ಇಳಿಯುವುದು ಕಟ್ಟಕಡೆಗೆ. ಕಣಜ ಬರಿದಾಗುತ್ತಿದ್ದರೂ ಅಂದಂದಿನ ಗಂಜಿಗೆ ಅಕ್ಕಿ ಸಿಗುತ್ತಲೇ ಇರುತ್ತದೆ, ಹಾಗೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್ ಪರೀಕ್ಷೆ.

ಕಳೆದ ವರ್ಷ 800 ಮೀಟರ್ ಓಡುತ್ತಿದ್ದ ಹುಡುಗಿಯೊಬ್ಬಳು ಎರಡನೆಯ ಸುತ್ತಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತುಬಿಡುತ್ತಿದ್ದಳು. ಸೋಮಾರಿ ಎಂಬ ಹಣೆಪಟ್ಟಿಯೂ ಅಂಟಿತು. ಅವಳ ಹಿಮೋಗ್ಲೋಬಿನ್ 12.4 ಇತ್ತು, 12ಕ್ಕಿಂತ ಕಡಿಮೆಯಾದರೆ ಮಾತ್ರ ರಕ್ತಹೀನತೆ ಎನ್ನುತ್ತಾರೆ. ಫೆರಿಟಿನ್ ನೋಡಿದರೆ 9! ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದು 15ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆ. ಕ್ರೀಡಾಪಟುಗಳ ವಿಷಯದಲ್ಲಿ 30ಕ್ಕಿಂತ ಕೆಳಗಿಳಿದರೂ ಅನೇಕ ವೈದ್ಯರು ಎಚ್ಚರ ವಹಿಸುತ್ತಾರೆ. (ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.)

ಬೆಳೆಯುವ ವಯಸ್ಸು, ತಿಂಗಳ ಮುಟ್ಟು, ಅದರ ಮೇಲೆ ಕಠಿಣ ತರಬೇತಿ. ಬೆವರಿನಲ್ಲೂ ಒಂದಿಷ್ಟು ಕಬ್ಬಿಣ ಹೋಗುತ್ತದೆ. ಜೋರಾಗಿ ಓಡಿದ ಮೇಲೆ ಕೆಲವು ಗಂಟೆ ಕಾಲ ಕರುಳು ಕಬ್ಬಿಣವನ್ನು ಹೀರುವುದೂ ಕುಗ್ಗುತ್ತದೆ. ಬೆಳಿಗ್ಗೆ ಏನೂ ತಿನ್ನದೆ ಮೈದಾನಕ್ಕೆ ಬಂದು, ಮನೆಗೆ ಹೋಗಿ ಚಹಾ ಕುಡಿದು ಶಾಲೆಗೆ ಓಡಿ ಬರುವ ಮಕ್ಕಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಪರೀಕ್ಷೆಗೆ ಸೋಮವಾರ ಬೆಳಿಗ್ಗೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಭಾನುವಾರ ಅಭ್ಯಾಸ ಇರುವುದಿಲ್ಲ. ದಣಿದ ದೇಹದಲ್ಲೂ ಜ್ವರ ಬಂದ ದೇಹದಲ್ಲೂ ಫೆರಿಟಿನ್ ಏರುತ್ತದೆ, ಕೊರತೆ ಮರೆಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಡೆಂಗಿಯಂಥ ಜ್ವರ ಎಷ್ಟು ಸಾಮಾನ್ಯ ಎಂಬುದು ನಿಮಗೆ ತಿಳಿದೇ ಇದೆ. ಮಗಳಿಗೆ ಇತ್ತೀಚೆಗೆ ಜ್ವರ ಬಂದಿದ್ದರೆ ದಯವಿಟ್ಟು ತಿಳಿಸಿ. ಅವಳಿಗೆ ಮುಂದಿನ ತಿಂಗಳು ಮಾಡಿಸೋಣ. ತೋಳಿನ ರಕ್ತನಾಳದಿಂದ ಒಂದು ಚಮಚದಷ್ಟು ರಕ್ತ ತೆಗೆಯುತ್ತಾರೆ. ನೇರಳೆ ಮುಚ್ಚಳದ ಟ್ಯೂಬ್ ರಕ್ತಕಣಗಳ ಎಣಿಕೆಗೆ, ಇನ್ನೊಂದು ಫೆರಿಟಿನ್‌ಗೆ. ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಬರಲಿ.

ಫಲಿತಾಂಶ ನೋಡಿ ಯಾರನ್ನೂ ತಂಡದಿಂದ ಕೈಬಿಡುವುದಿಲ್ಲ. ವರದಿ ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಕೈಗೇ ಬರುತ್ತದೆ. ಅಭ್ಯಾಸ ಕಡಿಮೆ ಮಾಡಬೇಕೇ ಎಂಬುದಷ್ಟೇ ದೈಹಿಕ ಶಿಕ್ಷಕರಿಗೆ ಗೊತ್ತಾಗುತ್ತದೆ.

ಒಂದು ಕೋರಿಕೆ: ವರದಿ ಬರುವ ಮುಂಚೆಯೇ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ಕಬ್ಬಿಣದ ಕೊರತೆಯಲ್ಲಿ ಆಗುವಂತೆ ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ವಾಹಕರಲ್ಲಿಯೂ ರಕ್ತಕಣಗಳು ಚಿಕ್ಕದಾಗಿ ಕಾಣುತ್ತವೆ, ಅದಕ್ಕೆ ಕಬ್ಬಿಣ ಮದ್ದಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಕೊರತೆ ಬಾರದಂತೆ ತಡೆಯುವುದಕ್ಕೆ. ಬಂದ ಕೊರತೆಗೆ ಎಷ್ಟು ಕೊಡಬೇಕೆಂದು ವೈದ್ಯರೇ ಹೇಳಬೇಕು. ಮಾತ್ರೆ ನುಂಗಿದಾಗ ಮಲ ಕಪ್ಪಾದರೆ ಗಾಬರಿ ಬೇಡ. ಊಟದಲ್ಲಿ ಮರುವಾಯಿ ಚಿಪ್ಪು, ಭೂತಾಯಿ ಮೀನು ಇರಲಿ. ಮೀನು ತಿನ್ನದವರು ಹರಿವೆ, ಹುರುಳಿಗೆ ಲಿಂಬೆ ಹಿಂಡಿ ಕೊಡಿ. ಚಹಾ ಊಟದ ಜೊತೆ ಬೇಡ, ಒಂದೆರಡು ಗಂಟೆ ಬಿಟ್ಟು ಕುಡಿಯಲಿ.

ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಮುಟ್ಟಿನ ಬಗ್ಗೆ ಎರಡು ಪ್ರಶ್ನೆಗಳಿವೆ. ಅಪ್ಪಂದಿರು ಸಂಕೋಚದಿಂದ ಖಾಲಿ ಬಿಟ್ಟು ಕಳುಹಿಸುವುದುಂಟು; ಆ ಭಾಗವನ್ನು ಮಗಳೇ ತುಂಬಲಿ. ಹೆಚ್ಚು ರಕ್ತಸ್ರಾವವೇ ಮೂಲವಾಗಿದ್ದರೆ ಚಿಕಿತ್ಸೆಯೂ ಬೇರೆಯಾಗುತ್ತದೆ.

ಪತ್ರವನ್ನು ಶುಕ್ರವಾರದೊಳಗೆ ತರಗತಿ ಶಿಕ್ಷಕಿಗೆ ತಲುಪಿಸಿ. ಸೂಜಿಗೆ ಹೆದರುವ ಮಕ್ಕಳೊಂದಿಗೆ ಮನೆಯವರೊಬ್ಬರು ಬರಬಹುದು.

ಇತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ