ಆದಿತ್ಯವಾರ ಬಾವಿಗೆ ಬ್ಲೀಚಿಂಗ್ ಪೌಡರ್

ಎಲ್ಲರಿಗೂ ನಮಸ್ಕಾರ. ಮಳೆ ನಿಂತಿತಲ್ಲ, ಬರುವ ಆದಿತ್ಯವಾರ ಸಂಜೆ 6ಕ್ಕೆ ನಮ್ಮ ಬದಿಯಡ್ಕ ಗುಂಪಿನ ಎಲ್ಲ ಮನೆಯ ಬಾವಿಗೂ ಬ್ಲೀಚಿಂಗ್ ಪೌಡರ್ ಹಾಕೋಣ. ರಾತ್ರಿಗೆ ಬೇಕಾದ ನೀರು ಮೊದಲೇ ತುಂಬಿಸಿಡಿ, ಮರುದಿನ ಬೆಳಿಗ್ಗೆ ತನಕ ಪಂಪ್ ಹಾಕಬೇಡಿ.

1000 ಲೀಟರಿಗೆ 5 ಗ್ರಾಂ ಲೆಕ್ಕ. 2 ಮೀಟರ್ ಅಗಲದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 50 ಗ್ರಾಂ ಸಾಕು, ಸುಮ್ನೆ ಜಾಸ್ತಿ ಸುರಿಯಬೇಡಿ. ಪ್ಲಾಸ್ಟಿಕ್ ಬಾಲ್ದಿಯಲ್ಲಿ ಸ್ವಲ್ಪ ನೀರಿಗೆ ಪುಡಿ ಕಲಸಿ, ಆಮೇಲೆ ನೀರು ತುಂಬಿಸಿ 10 ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರುತ್ತದೆ. ತಿಳಿನೀರು ಮಾತ್ರ ಇನ್ನೊಂದು ಬಾಲ್ದಿಗೆ ಹಾಕಿ, ಹಗ್ಗದಲ್ಲಿ ಬಾವಿಗೆ ಇಳಿಸಿ ನೀರೊಳಗೆ ಮೇಲೆ ಕೆಳಗೆ ಆಡಿಸಿ. ಯಾರೂ ಬಾವಿಗೆ ಇಳಿಯಬೇಡಿ.

ಇನ್ನು ಮುಖ್ಯ ವಿಷಯ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರಬ್ಬರ್ ಶೀಟು ಮಾಡಲು ಬಳಸುವ ಆಸಿಡ್ ಕ್ಯಾನ್, ಕಕ್ಕಸು ತೊಳೆಯುವ ಆಸಿಡ್, ಈ ಪುಡಿ ಎಲ್ಲ ಒಂದೇ ಮೂಲೆಯಲ್ಲಿ ಇರುತ್ತವೆ, ಅಲ್ವಾ? ಪುಡಿಗೆ ಆಸಿಡ್ ತಾಗಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಕೋಣೆಯಲ್ಲಾದರೆ ಜೀವಕ್ಕೇ ಅಪಾಯ. ಇವತ್ತೇ ಬೇರೆ ಬೇರೆ ಮಾಡಿಡಿ. ಪುಡಿಯನ್ನು ತಗಡಿನ ಡಬ್ಬದಲ್ಲಿ ಇಡಬೇಡಿ, ತುಕ್ಕು ಹಿಡಿಯುತ್ತದೆ. ಬಿಸಿಲು ತೇವ ತಾಗದ ಕಡೆ, ಪ್ಲಾಸ್ಟಿಕ್ ಡಬ್ಬದಲ್ಲಿ, ಮಕ್ಕಳಿಗೆ ಸಿಗದ ಹಾಗೆ ಇಡಿ. ಗಟ್ಟಿ ಕಟ್ಟಿದ ಹಳೇ ಪುಡಿಯಲ್ಲಿ ಶಕ್ತಿ ಉಳಿದಿರುವುದಿಲ್ಲ.

ಕಲಸುವಾಗ ಕೈಗವಸು, ಮಾಸ್ಕ್, ಕನ್ನಡಕ ಹಾಕಿ, ಅಂಗಳದಲ್ಲೇ ಕಲಸಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, 15 ನಿಮಿಷ ಬರೀ ನೀರಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಬಾವಿಯ ಅಗಲ, ನೀರಿನ ಆಳ ಶುಕ್ರವಾರದೊಳಗೆ ಇಲ್ಲಿ ಹಾಕಿ, ಪುಡಿ ಅಳೆದು ಪೊಟ್ಟಣ ಕಟ್ಟಬೇಕು. ವಯಸ್ಸಾದವರು ಮಾತ್ರ ಇರುವ ಮನೆಯವರು ಹೇಳಿ, ಹುಡುಗರು ಬರುತ್ತಾರೆ.